ಲಾರ್ಜ್ ಫಾರ್ಮ್ಯಾಟ್ ಭಾವಚಿತ್ರಕ್ಕೆ ಲೆನ್ಸ್: ಮೊದಲು ಕೋಣೆ ಅಳೆಯಿರಿ, ಅಂಗಡಿಗೆ ಆಮೇಲೆ ಹೋಗಿ

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಕ್ಕೆ, ಅಂದರೆ 4×5 ಇಂಚು ಅಥವಾ ಅದಕ್ಕೂ ದೊಡ್ಡ ಫಿಲ್ಮ್ ಹಾಳೆ ಹಾಕುವ ಕ್ಯಾಮೆರಾಕ್ಕೆ, ಲೆನ್ಸ್ ಕೊಳ್ಳುವ ಮುಂಚೆ ನನಗೆ ಫೋನ್ ಮಾಡುವವರು ಕಡಿಮೆ, ಕೊಂಡ ಮೇಲೆ ಮಾಡುವವರೇ ಹೆಚ್ಚು. ದೂರುಗಳು ನಾಲ್ಕೇ. ಮುಖ ಫೋಕಸ್ ಆಗುತ್ತಿಲ್ಲ. ಮೂಗು ದಪ್ಪಗೆ ಬರುತ್ತಿದೆ. ಹಿಂದೆ ಸರಿಯಲು ಜಾಗ ಸಾಲುತ್ತಿಲ್ಲ. ಲೆನ್ಸ್ ಬೋರ್ಡಿಗೆ (ಲೆನ್ಸನ್ನು ಕ್ಯಾಮೆರಾ ಮುಂದೆ ಕೂರಿಸುವ ತೂತಿನ ಹಲಗೆ) ಕೂರುತ್ತಿಲ್ಲ. ನಾಲ್ಕಕ್ಕೂ ಮೂಲ ಒಂದೇ: ಲೆನ್ಸ್ ಮೊದಲು, ಲೆಕ್ಕ ಆಮೇಲೆ.

ನಾನೂ ಹಾಗೆಯೇ ಮುಗ್ಗರಿಸಿದವನು. ಬಸವನಗುಡಿಯ ಬಾಡಿಗೆ ಮನೆಯಲ್ಲಿ 11 ಅಡಿಯ ಕೋಣೆ, 320 ಮಿಲಿಮೀಟರ್‌ವರೆಗೆ ಹಿಗ್ಗುವ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ತಿದಿ) ಇದ್ದ 4×5 ಕ್ಯಾಮೆರಾ. ಭಾವಚಿತ್ರಕ್ಕೆ ಉದ್ದ ಲೆನ್ಸ್ ಬೇಕೆಂದು ಎಲ್ಲೋ ಓದಿ 300 ಎಂಎಂ ಲೆನ್ಸ್ ತರಿಸಿದೆ. ಆ ಜೋಡಿ ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರ 4.8 ಮೀಟರ್, ಅಂದರೆ ಹದಿನೈದು ಮುಕ್ಕಾಲು ಅಡಿ. ಕ್ಯಾಮೆರಾ ನನ್ನ ಕೋಣೆಯಲ್ಲಿ, ಕೂರುವವರು ಗೋಡೆಯಾಚೆ ಪಕ್ಕದ ಮನೆಯ ಅಡುಗೆಮನೆಯಲ್ಲಿ ಇದ್ದರೆ ಮಾತ್ರ ಚಿತ್ರ ಬರುತ್ತಿತ್ತು.

ಕೆಳಗಿನ ಕ್ರಮವನ್ನು ಬದಲಿಸಬೇಡಿ. ಲೆಕ್ಕವೆಲ್ಲ 4×5 ಇಂಚಿನ ಫಿಲ್ಮಿಗೆ. ಬೆಂಗಳೂರಿನಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಅದೇ. 8×10 ಕ್ಯಾಮೆರಾದವರಿಗೆ ನಡುವೆ ಒಂದು ಎಚ್ಚರಿಕೆ ಇದೆ.

ಬೇಕಾಗುವ ಸಾಮಾನು

ಅಳತೆ ಟೇಪ್, ಒಂದು ಮಾರು ದಪ್ಪ ದಾರ, ಮದುವೆ ಕರೆಯೋಲೆಯಂಥ ಗಟ್ಟಿ ರಟ್ಟು, ಸಣ್ಣ ಎಲ್‌ಇಡಿ ಟಾರ್ಚ್, ಲೂಪ್ (ಫೋಕಸ್ ನೋಡುವ ಭೂತಗನ್ನಡಿ), ಸ್ಲೋ ಮೋಷನ್ ಇರುವ ಮೊಬೈಲ್. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಧಾರಣದ್ದೊಂದು ಸಿಗುತ್ತದೆ. ಇಷ್ಟರಲ್ಲಿ ಲೆನ್ಸ್ ಇಲ್ಲ ಎಂಬುದನ್ನು ಗಮನಿಸಿ.

ಹಂತ 1: ಮುಖ ಎಷ್ಟು ದೊಡ್ಡದು ಬೇಕು?

"ಪೋರ್ಟ್ರೇಟ್" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಕೆಲಸಗಳು ಅಡಗಿವೆ. 4×5 ಹಾಳೆಯಲ್ಲಿ ಚಿತ್ರ ಬೀಳುವ ಜಾಗ ಸುಮಾರು 95×120 ಮಿಲಿಮೀಟರ್. ತಲೆ ಮತ್ತು ಭುಜ ಬೇಕೆಂದರೆ ಸುಮಾರು 48 ಸೆಂಟಿಮೀಟರ್ ಎತ್ತರದ ದೃಶ್ಯ ಅದರಲ್ಲಿ ಹಿಡಿಯಬೇಕು: ನಾಲ್ಕರಲ್ಲಿ ಒಂದು ಪಾಲು. ಸೊಂಟದವರೆಗೆ ಎಂದರೆ ಎಂಟರಲ್ಲಿ ಒಂದು. ನಿಂತ ಇಡೀ ಆಳು ಎಂದರೆ ಹದಿನೈದರಲ್ಲಿ ಒಂದು.

ಈ ಮೂರರಲ್ಲಿ ನೀವು ಹೆಚ್ಚು ತೆಗೆಯುವುದು ಯಾವುದು? ಒಂದನ್ನು ಆರಿಸಿ ಬರೆದಿಡಿ. ಮೂರೂ ಬೇಕು ಎನ್ನುವವರು ಸಾಮಾನ್ಯವಾಗಿ ಒಂದಕ್ಕೂ ಒದಗದ ಲೆನ್ಸ್ ಕೊಳ್ಳುತ್ತಾರೆ. ಮುಂದಿನ ಲೆಕ್ಕವನ್ನು ನಾನು ತಲೆ-ಭುಜದ ಚಿತ್ರಕ್ಕೇ ಹಿಡಿದಿದ್ದೇನೆ, ಏಕೆಂದರೆ ಬೆಲ್ಲೋಸ್ ಕೈಕೊಡುವುದು ಅಲ್ಲಿಯೇ.

ಹಂತ 2: ಕೋಣೆ ಅಳೆಯಿರಿ

ಲೆನ್ಸಿನಿಂದ ಮುಖಕ್ಕೆ ಇರಬೇಕಾದ ದೂರವನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ನಾಲ್ಕರಲ್ಲಿ ಒಂದು ಪಾಲಿಗೆ ಫೋಕಲ್ ಲೆಂತಿನ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ, ಶಾಲೆಯ ಪುಸ್ತಕದ ಸಂಗಮ ದೂರ) ಐದು ಪಟ್ಟು, ಎಂಟರಲ್ಲಿ ಒಂದಕ್ಕೆ ಒಂಬತ್ತು ಪಟ್ಟು. ಪಾಲಿನ ಸಂಖ್ಯೆಗೆ ಒಂದು ಸೇರಿಸಿ ಗುಣಿಸಿದರೆ ಆಯಿತು. ತಲೆ-ಭುಜಕ್ಕೆ 150 ಎಂಎಂ ಲೆನ್ಸ್ ಮುಖದಿಂದ 75 ಸೆಂಟಿಮೀಟರ್ ದೂರದಲ್ಲಿರುತ್ತದೆ, 210 ಎಂಎಂ 1.05 ಮೀಟರ್, 240 ಎಂಎಂ 1.2 ಮೀಟರ್, 300 ಎಂಎಂ ಒಂದೂವರೆ ಮೀಟರ್.

ಮೂಗಿನ ದೂರಿಗೆ ಉತ್ತರ ಇಲ್ಲೇ ಇದೆ. ಮೂಗನ್ನು ಉಬ್ಬಿಸುವುದು ಲೆನ್ಸ್ ಅಲ್ಲ, ದೂರ. ಮುಕ್ಕಾಲು ಮೀಟರಿನಿಂದ ನೋಡಿದರೆ ಯಾರ ಮೂಗಾದರೂ ಕಿವಿಗಿಂತ ಮುಂದೆ ನುಗ್ಗಿ ಬರುತ್ತದೆ. ಉದ್ದ ಲೆನ್ಸ್ ಮಾಡುವ ಉಪಕಾರವೆಂದರೆ ಅಷ್ಟೇ ದೊಡ್ಡ ಮುಖವನ್ನು ದೂರದಿಂದ ಹಿಡಿಯಲು ಬಿಡುವುದು.

ಈ ದೂರವೊಂದನ್ನೇ ಅಳೆದು ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಅದಕ್ಕೆ ಬೆಲ್ಲೋಸಿನ ಉದ್ದ ಸೇರಿಸಿ. ಕ್ಯಾಮೆರಾ ಹಿಂದೆ ಕರಿಬಟ್ಟೆ ಹೊದ್ದು ಬಗ್ಗಿ ನಿಲ್ಲಲು 75 ಸೆಂಟಿಮೀಟರ್ ಸೇರಿಸಿ. ಕೂತವರ ಬೆನ್ನಿಗೂ ಹಿಂದಿನ ಗೋಡೆಗೂ ನಡುವೆ 1.2 ಮೀಟರ್ ಬಿಡಿ, ಇಲ್ಲದಿದ್ದರೆ ಗೋಡೆಯ ಸುಣ್ಣದ ಬಿರುಕೂ ಭಾವಚಿತ್ರದಲ್ಲಿ ಪಾಲು ಕೇಳುತ್ತದೆ. 240 ಎಂಎಂ ಲೆನ್ಸಿನಲ್ಲಿ ತಲೆ-ಭುಜಕ್ಕೆ ಒಟ್ಟು ಸುಮಾರು 3.45 ಮೀಟರ್ ಬೇಕು, ಹನ್ನೊಂದೂಕಾಲು ಅಡಿ. ಅದೇ ಲೆನ್ಸಿನಲ್ಲಿ ಸೊಂಟದವರೆಗೆ ಎಂದರೆ ಹದಿನಾಲ್ಕೂವರೆ ಅಡಿ.

ನಮ್ಮೂರಿನ ಅಪಾರ್ಟ್‌ಮೆಂಟುಗಳ 10×12 ಕೋಣೆಯಲ್ಲಿ ಮೊದಲನೆಯದು ತಿಣುಕಿ ಹಿಡಿಸುತ್ತದೆ, ಎರಡನೆಯದು ಹಿಡಿಸುವುದಿಲ್ಲ. ಮಂಚ, ಬೀರು ಕಳೆದು ಉಳಿದ ಜಾಗವನ್ನೇ ಅಳೆಯಿರಿ. ಬಾಗಿಲು ತೆರೆದು ಕ್ಯಾಮೆರಾವನ್ನು ಹಜಾರದಲ್ಲಿಟ್ಟರೆ ಮೂರ್ನಾಲ್ಕು ಅಡಿ ದಕ್ಕುತ್ತದೆ. ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ಜಗಲಿ ಸಿಕ್ಕರೆ ಬಿಡಬೇಡಿ: ಉದ್ದ ಜಾಗ, ಪಕ್ಕದಿಂದ ಬರುವ ಮೆದುಬೆಳಕು ಎರಡೂ ಅಲ್ಲಿವೆ.

ಹಂತ 3: ಬೆಲ್ಲೋಸ್ ಎಷ್ಟು ಹಿಗ್ಗುತ್ತದೆ?

ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ಈ ಭಾಗವೇ ನಿಮ್ಮ ಲೆನ್ಸಿಗೆ ಮಿತಿ ಹಾಕುವುದು. ಕ್ಯಾಮೆರಾ ಬಿಚ್ಚಿ, ಮುಂದಿನ ಚೌಕಟ್ಟನ್ನು ಕೊನೆಯವರೆಗೆ ಎಳೆದು, ಲೆನ್ಸ್ ಬೋರ್ಡಿನಿಂದ, ಫೋಕಸ್ ಮಾಡುವಾಗ ಚಿತ್ರ ಮೂಡುವ ಹಿಂಬದಿಯ ಮಬ್ಬುಗಾಜಿನವರೆಗೆ ಟೇಪ್ ಹಿಡಿಯಿರಿ. ಕೈಪಿಡಿಯಲ್ಲಿ ಬರೆದ ಸಂಖ್ಯೆ ಬೇಡ. ಹಳೆಯ ಕ್ಯಾಮೆರಾಗಳಲ್ಲಿ ಕೊನೆಯ ಎರಡು ಸೆಂಟಿಮೀಟರ್ ಅಲುಗಾಡುತ್ತಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ತಲೆ-ಭುಜಕ್ಕೆ ಬೇಕಾದ ಉದ್ದ ಫೋಕಲ್ ಲೆಂತಿನ ಒಂದೂಕಾಲು ಪಟ್ಟು. 210ಕ್ಕೆ ಸುಮಾರು 262 ಮಿಲಿಮೀಟರ್, 240ಕ್ಕೆ 300, 300ಕ್ಕೆ 375. ಮುಖ ಮಾತ್ರ ತುಂಬುವಂತೆ ಇನ್ನೂ ಹತ್ತಿರ ಹೋದರೆ 1.4 ಪಟ್ಟು ಹಿಡಿಯಿರಿ. 320 ಮಿಲಿಮೀಟರ್ ಬೆಲ್ಲೋಸ್ ಇದ್ದವರಿಗೆ 240 ಮೇಲ್ಮಿತಿ, 210 ನೆಮ್ಮದಿ.

8×10 ಕ್ಯಾಮೆರಾದಲ್ಲಿ ಅದೇ ತಲೆ-ಭುಜ ಎರಡರಲ್ಲಿ ಒಂದು ಪಾಲಾಗುತ್ತದೆ, ಆದ್ದರಿಂದ ಒಂದೂವರೆ ಪಟ್ಟು ಬೇಕು. 360 ಎಂಎಂ ಲೆನ್ಸಿಗೆ 540 ಮಿಲಿಮೀಟರ್! ಫಾರ್ಮ್ಯಾಟ್ ದೊಡ್ಡದಾದಷ್ಟೂ ಬೆಲ್ಲೋಸಿನ ಹಸಿವು ಹೆಚ್ಚುತ್ತದೆ.

ಬೆಲ್ಲೋಸ್ ಗಿಡ್ಡ, ಆದರೂ ಉದ್ದ ಲೆನ್ಸೇ ಬೇಕು ಎನ್ನುವವರಿಗೆ ಟೆಲಿಫೋಟೋ ವಿನ್ಯಾಸದ ಲೆನ್ಸ್‌ಗಳಿವೆ: ನಿಕ್ಕಾರ್-ಟಿ 270 ಎಂಎಂ ಎಫ್ 6.3, ಫ್ಯುಜಿನಾನ್-ಟಿ 300 ಎಂಎಂ ಎಫ್ 8 (ಎಫ್ ಸಂಖ್ಯೆ ಎಂದರೆ ಬೆಳಕು ಬಿಡುವ ಕಿಂಡಿ, ಅಪರ್ಚರಿನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಇವು ಕಡಿಮೆ ಹಿಗ್ಗುವಿಕೆಯಲ್ಲೇ ಕೆಲಸ ಮುಗಿಸುತ್ತವೆ. ಅವಕ್ಕೆ ಮೇಲಿನ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾಕ್ಕೇ ಹಾಕಿ ನೋಡಿ.

ಹಂತ 4: ಕರೆಯೋಲೆ ಮತ್ತು ದಾರ

ಲೆನ್ಸ್ ಇಲ್ಲದೆ ಲೆನ್ಸ್ ನೋಡುವ ಉಪಾಯ ಇದು. ಕರೆಯೋಲೆಯ ರಟ್ಟಿನಲ್ಲಿ 95×120 ಮಿಲಿಮೀಟರಿನ ಕಿಟಕಿ ಕತ್ತರಿಸಿ. ಕೆಳ ಅಂಚಿಗೆ ತೂತು ಮಾಡಿ ದಾರ ಕಟ್ಟಿ. ರಟ್ಟಿನಿಂದ 262 ಮಿಲಿಮೀಟರಿಗೆ ಒಂದು ಗಂಟು, 300ಕ್ಕೆ ಎರಡನೆಯದು, 375ಕ್ಕೆ ಮೂರನೆಯದು. ಇವು ಕ್ರಮವಾಗಿ 210, 240, 300 ಎಂಎಂ ಲೆನ್ಸುಗಳ ತಲೆ-ಭುಜದ ನೋಟ. ಫೋಕಲ್ ಲೆಂತಿನ ಅಳತೆಗೇ ಗಂಟು ಹಾಕಿದರೆ ದೂರದ ಬೆಟ್ಟ ನೋಡಲು ಸರಿ, ಹತ್ತಿರದ ಮುಖಕ್ಕೆ ತಪ್ಪು.

ಮನೆಯವರಲ್ಲಿ ಒಬ್ಬರನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿ. ಗಂಟನ್ನು ಕಣ್ಣಿನ ಪಕ್ಕದ ಕೆನ್ನೆಮೂಳೆಗೆ ಒತ್ತಿ, ದಾರ ಬಿಗಿಯಾಗುವಂತೆ ರಟ್ಟನ್ನು ಮುಂದೆ ಚಾಚಿ, ಇನ್ನೊಂದು ಕಣ್ಣು ಮುಚ್ಚಿ. ತಲೆ-ಭುಜ ಚೌಕಟ್ಟಿಗೆ ಕೂರುವವರೆಗೆ ಹಿಂದೆ ಮುಂದೆ ನಡೆಯಿರಿ. ಪ್ರತಿ ಗಂಟಿಗೂ ನಿಂತ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ನನ್ನ ಅಮ್ಮ ಬಟಾಣಿ ಸುಲಿಯುತ್ತ ಹೀಗೆ ಅರ್ಧ ಗಂಟೆ ಕೂತಿದ್ದರು. ಮೊದಲ ಗಂಟಿನಲ್ಲಿ ಅವರ ಕನ್ನಡಕದ ಗಾಜು ಕಿವಿಯೋಲೆಗಿಂತ ಎಷ್ಟೋ ದೊಡ್ಡದಾಗಿ ಕಂಡಿತು. ಮೂರನೆಯದರಲ್ಲಿ ಎರಡೂ ಒಂದೇ ತೂಕಕ್ಕೆ ಬಂದವು, ಆದರೆ ನನ್ನ ಬೆನ್ನು ಬೀರುವಿಗೆ ತಾಗಿತ್ತು. ನಡುವಿನ ಗಂಟೇ ಆ ಕೋಣೆಗೆ ಉತ್ತರ.

ಮಾತು ಕೇಳಿಸುವ ದೂರವೂ ಇಲ್ಲೇ ಗೊತ್ತಾಗುತ್ತದೆ. ಒಂದು ಮೀಟರಿನಲ್ಲಿ ಕ್ಯಾಮೆರಾ ಕೂತವರ ಮೈಮೇಲೆ ಬಂದಂತಿರುತ್ತದೆ, ಕೆಲವರು ಬಿಗಿದುಕೊಳ್ಳುತ್ತಾರೆ.

ಈಗ ನಿಮ್ಮ ಫೋಕಲ್ ಲೆಂತ್ ತಾನಾಗಿ ತೀರ್ಮಾನವಾಗಿದೆ. ಬೆಂಗಳೂರಿನ ಸಾಧಾರಣ ಮನೆ, ಸಾಧಾರಣ 4×5 ಕ್ಯಾಮೆರಾ ಇರುವವರಿಗೆ ನನ್ನ ಉತ್ತರ 210 ಎಂಎಂ. ಜಗಲಿಯೋ ತಾರಸಿಯೋ ಇದ್ದು ಬೆಲ್ಲೋಸ್ ಒಪ್ಪಿದರೆ 240 ಅಥವಾ 250. ಸ್ವಂತ ಸ್ಟುಡಿಯೋ ಇಲ್ಲದವರು 300ರ ಆಸೆ ಬಿಡುವುದು ಮೇಲು.

ಹಂತ 5: ಶಟರ್ ಮತ್ತು ಬೋರ್ಡ್

ಲಾರ್ಜ್ ಫಾರ್ಮ್ಯಾಟಿನಲ್ಲಿ ಶಟರ್ ಸಾಮಾನ್ಯವಾಗಿ ಲೆನ್ಸಿನೊಳಗೇ ಇರುತ್ತದೆ. ಕೋಪಾಲ್ ಶಟರಿನ ಮೂರು ಗಾತ್ರಗಳನ್ನು ಬಾಯಿಪಾಠ ಮಾಡಿ. 0 ಸಂಖ್ಯೆಯದಕ್ಕೆ ಬೋರ್ಡಿನಲ್ಲಿ 34.6 ಮಿಲಿಮೀಟರ್ ತೂತು, ಅತಿ ವೇಗ 1/500. 1 ಸಂಖ್ಯೆಯದಕ್ಕೆ 41.6 ಮಿಲಿಮೀಟರ್, 1/400. 3 ಸಂಖ್ಯೆಯದಕ್ಕೆ 65 ಮಿಲಿಮೀಟರ್, ವೇಗ 1/125 ಮಾತ್ರ.

ಕೊನೆಯದರಲ್ಲಿ ಎರಡು ತೊಡಕಿವೆ. ದೊಡ್ಡ ಶಟರಿನ ಲೆನ್ಸುಗಳು ಭಾರ: 300 ಎಂಎಂ ಎಫ್ 5.6 ಲೆನ್ಸ್ ಒಂದು ಕಿಲೋ ಆಸುಪಾಸು ತೂಗುತ್ತದೆ. ಹಗುರ ಮರದ ಕ್ಯಾಮೆರಾದ ಮುಂಭಾಗ ಅದನ್ನು ಹೊತ್ತು ತಲೆ ಬಾಗಿಸುತ್ತದೆ. ಇನ್ನೊಂದು, ಹೊರಾಂಗಣ. ಕಬ್ಬನ್ ಪಾರ್ಕಿನ ಮರದ ನೆರಳಿನಂಚಿನಲ್ಲಿ, ತೆರೆದ ಆಕಾಶದ ಬೆಳಕಿಗೆ 400 ಐಎಸ್‌ಒ ಫಿಲ್ಮ್ ಎಫ್ 5.6ರಲ್ಲಿ ಸುಮಾರು 1/400 ಕೇಳುತ್ತದೆ. 1/125ರಲ್ಲಿ ನಿಲ್ಲುವ ಶಟರ್ ಅಲ್ಲಿ ಸೋಲುತ್ತದೆ. 100 ಅಥವಾ 125 ಐಎಸ್‌ಒ ಫಿಲ್ಮ್ ಹಾಕಿದರೆ ಬಚಾವು.

ಬೋರ್ಡಿನ ತೂತನ್ನು ಮನೆಯಲ್ಲಿ ಡ್ರಿಲ್ಲಿನಿಂದ ಅಗಲಿಸಲು ಹೋಗಬೇಡಿ. ಪೀಣ್ಯದ ಯಾವುದಾದರೂ ಲೇತ್ ಕಾರ್ಯಾಗಾರಕ್ಕೆ ಬೋರ್ಡನ್ನೂ ಶಟರಿನ ಹಿಂಬದಿಯ ಬಿಗಿ ಉಂಗುರವನ್ನೂ ಒಯ್ಯಿರಿ. ಅಳತೆ ಹೇಳಿದರೆ ಸಾಲದು, ಉಂಗುರ ಕೈಗೆ ಕೊಡಿ. ಕೊಳ್ಳುವ ಮುಂಚೆ ಇನ್ನೊಂದು ಅಳತೆ: ಲೆನ್ಸಿನ ಹಿಂಭಾಗದ ವ್ಯಾಸ ಕ್ಯಾಮೆರಾದ ಮುಂದಿನ ಚೌಕಟ್ಟಿನ ಬಾಯಿಗಿಂತ ಚಿಕ್ಕದಿದೆಯೇ? ಬೋರ್ಡಿಗೆ ಕೂತು ಕ್ಯಾಮೆರಾದೊಳಗೆ ಹೋಗದ ಲೆನ್ಸುಗಳನ್ನು ನಾನು ಕಂಡಿದ್ದೇನೆ.

ಶಟರ್ ಇಲ್ಲದ ಬ್ಯಾರಲ್ ಲೆನ್ಸ್ ಅಗ್ಗ. ಫಿಲ್ಮಿನ ಮುಂದೆಯೇ ಶಟರ್ (ಫೋಕಲ್ ಪ್ಲೇನ್ ಶಟರ್) ಇರುವ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ನಿಮ್ಮಲ್ಲಿದ್ದರೆ ಮಾತ್ರ ಆ ದಾರಿ. ಲೆನ್ಸಿನ ಟೋಪಿ ತೆಗೆದು ಮತ್ತೆ ಹಾಕಿ ಒಂದೆರಡು ಸೆಕೆಂಡ್ ಎಕ್ಸ್‌ಪೋಷರ್ ಕೊಡುವ ಆಟ ಚೆನ್ನ, ಆದರೆ ಮೊದಲ ಲೆನ್ಸಿಗೆ ಬೇಡ.

ಹಂತ 6: ಎರಡು ಸೆಂಟಿಮೀಟರಿನ ಬದುಕು

ದೊಡ್ಡ ಅಪರ್ಚರ್ ಎಂದರೆ ಒಳ್ಳೆಯ ಪೋರ್ಟ್ರೇಟ್ ಲೆನ್ಸ್ ಎಂಬ ನಂಬಿಕೆ 35 ಎಂಎಂ ಕ್ಯಾಮೆರಾದಿಂದ ಅಂಟಿಕೊಂಡು ಬಂದದ್ದು. 4×5ರಲ್ಲಿ ತಲೆ-ಭುಜದ ಚಿತ್ರಕ್ಕೆ ಎಫ್ 5.6ರಲ್ಲಿ ಸ್ಫುಟವಾಗಿ ಬರುವ ಆಳ ಒಟ್ಟು ಎರಡು ಸೆಂಟಿಮೀಟರ್ ಚಿಲ್ಲರೆ. ಎಫ್ 11ರಲ್ಲಿ ನಾಲ್ಕೂವರೆ, ಎಫ್ 22ರಲ್ಲಿ ಒಂಬತ್ತು. ಮುಖದ ಗಾತ್ರ ಒಂದೇ ಇದ್ದರೆ ಫೋಕಲ್ ಲೆಂತ್ ಬದಲಿಸಿದರೂ ಈ ಲೆಕ್ಕ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ.

ನೀವು ಫೋಕಸ್ ಮಾಡಿ, ಶಟರ್ ಮುಚ್ಚಿ, ಫಿಲ್ಮ್ ಇರುವ ಹೋಲ್ಡರ್ ತೂರಿಸಿ, ಅದರ ಬೆಳಕು ತಡೆಯುವ ಮುಚ್ಚಳವಾದ ಡಾರ್ಕ್ ಸ್ಲೈಡ್ ಎಳೆಯುವಷ್ಟರಲ್ಲಿ ಕೂತವರು ಎರಡು ಸೆಂಟಿಮೀಟರ್ ಅಲುಗದೆ ಇರುತ್ತಾರೆಯೇ? ಇರುವುದಿಲ್ಲ. ಹಾಗಾಗಿ ಎಫ್ 4.5ಕ್ಕೆ ದುಪ್ಪಟ್ಟು ಹಣ ಸುರಿಯುವ ಮುಂಚೆ ಯೋಚಿಸಿ. ಎಫ್ 5.6 ಅಥವಾ 6.3 ಸಾಕು. ಎಫ್ 9ರ ಲೆನ್ಸುಗಳೂ ಚಿತ್ರಕ್ಕೆ ಸಾಲುತ್ತವೆ, ತೂಕವೂ ಕಡಿಮೆ: ನಿಕ್ಕಾರ್-ಎಂ 300 ಎಂಎಂ ಎಫ್ 9, ಕೋಪಾಲ್ 1 ಶಟರಿನಲ್ಲಿ ಬರೀ 290 ಗ್ರಾಂ. ಆದರೆ ಸಂಜೆ ನಾಲ್ಕರ ಮಳೆಮೋಡದ ಬೆಳಕಿನಲ್ಲಿ ಮಬ್ಬುಗಾಜಿನ ಮೇಲೆ ಏನೂ ಕಾಣದು. ಕಣ್ಣಿನ ಪಕ್ಕ ಟಾರ್ಚ್ ಹಿಡಿಸಿ ಫೋಕಸ್ ಮಾಡಬೇಕಾಗುತ್ತದೆ.

ಅಲುಗಾಟಕ್ಕೆ ನನ್ನ ಮದ್ದು ಮತ್ತೆ ದಾರವೇ. ಲೆನ್ಸ್ ಬೋರ್ಡಿನ ಪಕ್ಕಕ್ಕೆ ಕಟ್ಟಿದ ದಾರದ ತುದಿಯನ್ನು ಫೋಕಸ್ ಮಾಡಿದ ಕ್ಷಣದಲ್ಲಿ ಅವರ ಕಣ್ಣಂಚಿಗೆ ಮುಟ್ಟಿಸಿ ಗುರುತು ಮಾಡಿಕೊಳ್ಳಿ. ಹೋಲ್ಡರ್ ಹಾಕಿದ ಮೇಲೆ ಮತ್ತೊಮ್ಮೆ ಮುಟ್ಟಿಸಿ, ದಾರ ತೆಗೆದು, ಕ್ಲಿಕ್ಕಿಸಿ.

ಹಂತ 7: ಲೆನ್ಸಿನ ಸ್ವಭಾವ

ಹೆಚ್ಚಿನವರು ಶುರುಮಾಡುವುದು ಇಲ್ಲಿಂದ. ಏಳನೆಯ ಹಂತಕ್ಕೆ ಇಟ್ಟಿದ್ದೇನೆ, ಬೇಕೆಂದೇ.

ಸಿಮ್ಮಾರ್-ಎಸ್, ಸಿರೋನಾರ್-ಎನ್, ನಿಕ್ಕಾರ್-ಡಬ್ಲ್ಯು, ಫ್ಯುಜಿನಾನ್-ಡಬ್ಲ್ಯು ಮುಂತಾದ ಪ್ಲಾಸ್ಮಾಟ್ ಜಾತಿಯ ಲೆನ್ಸುಗಳು ಚುರುಕು, ನಿಷ್ಪಕ್ಷಪಾತಿ, ಚರ್ಮದ ರಂಧ್ರ ಎಣಿಸುವಷ್ಟು. 210 ಎಂಎಂ ಎಫ್ 5.6 ಕೋಪಾಲ್ 1 ಶಟರಿನಲ್ಲಿ ಸಿಗುವುದು ಈ ಗುಂಪಿನಲ್ಲೇ ಹೆಚ್ಚು. ಟೆಸ್ಸಾರ್ ಜಾತಿಯವು (ಜೆನಾರ್ 210 ಎಂಎಂ ಎಫ್ 6.1, ಕೊಡಾಕಿನ ಕಮರ್ಷಿಯಲ್ ಎಕ್ಟಾರ್) ನಾಲ್ಕೇ ಗಾಜಿನವು, ಚಿತ್ರವೃತ್ತ (ಲೆನ್ಸ್ ಚಿತ್ರ ಬೀಳಿಸುವ ವೃತ್ತ) ಚಿಕ್ಕದು, ಭಾವಚಿತ್ರಕ್ಕೆ ಅದರಿಂದ ತೊಂದರೆಯಿಲ್ಲ. ನನ್ನ ಓಟು ಇವಕ್ಕೆ. ಹೆಲಿಯಾರ್ ಚೆಂದ, ಬೆಲೆಯೂ ಹಾಗೆಯೇ.

ಇಮಾಗಾನ್, ಫ್ಯುಜಿನಾನ್ ಎಸ್‌ಎಫ್‌ನಂಥ ಸಾಫ್ಟ್ ಫೋಕಸ್ ಲೆನ್ಸುಗಳನ್ನು ಎರಡನೆಯ ಲೆನ್ಸಾಗಿ ಕೊಳ್ಳಿ. ಅವುಗಳಲ್ಲಿ ಅಪರ್ಚರ್ ಬದಲಿಸಿದಾಗ ಫೋಕಸ್ ಜಾಗವೂ ಸರಿಯಬಹುದು; ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡದವರು "ಇದು ಬರೀ ಮಸುಕು" ಎಂದು ಮಾರಿಬಿಡುತ್ತಾರೆ.

ಅಪರ್ಚರಿನ ಎಲೆಗಳನ್ನೂ ಎಣಿಸಿ. ಐದೇ ಎಲೆ ಇದ್ದರೆ ಹಿನ್ನೆಲೆಯ ಬೆಳಕಿನ ಚುಕ್ಕಿಗಳು ಪಂಚಕೋನವಾಗುತ್ತವೆ. ಮರದೆಲೆಗಳ ಮುಂದೆ ಕೂರಿಸಿ ತೆಗೆಯುವವರಿಗೆ ಇದು ಕಿರಿಕಿರಿ, ಬರಿಗೋಡೆಯವರಿಗೆ ಲೆಕ್ಕಕ್ಕಿಲ್ಲ.

ಹಂತ 8: ಕೈಗೆತ್ತಿಕೊಂಡಾಗ

ಲೆನ್ಸಿನ ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಬೂಷ್ಟು, ಬೇಡ. ಮಳೆಗಾಲದಲ್ಲಿ ಚರ್ಮದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತ ಲೆನ್ಸಿಗೆ ಇದು ಮಾಮೂಲು. ಕರಾವಳಿಯಿಂದ ಬಂದದ್ದಾದರೆ ಎರಡು ಸಲ ನೋಡಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟಿ ಕಂಡರೆ ಗಾಜುಗಳ ಅಂಟು ಬಿಡುತ್ತಿದೆ. ಕಪ್ಪು ಅಂಚಿನಲ್ಲಿ ಹಿಟ್ಟು ಚೆಲ್ಲಿದಂಥ ಬಿಳಿ ಚುಕ್ಕಿಗಳು ಒಳಗಿನ ಬಣ್ಣ ಏಳುವುದರ ಗುರುತು. ಚಿತ್ರಕ್ಕೆ ಅದರಿಂದ ಹಾನಿ ಅಪರೂಪ, ಬೆಲೆ ಇಳಿಸಲು ಮಾತ್ರ ಬಳಸಿಕೊಳ್ಳಿ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕೆಡುಕು.

ಮುಂದಿನ, ಹಿಂದಿನ ಭಾಗಗಳನ್ನು ತಿರುಗಿಸಿ ಬಿಚ್ಚಿ. ನಡುವೆ ತೆಳು ಲೋಹದ ಉಂಗುರ ಇದ್ದರೆ ಅದು ಕಸವಲ್ಲ, ಗಾಜುಗಳ ಅಂತರ ಕಾಯುವುದು ಅದೇ. ಬೇರೆ ಶಟರಿಗೆ ಬದಲಾಯಿಸಿದ ಲೆನ್ಸುಗಳಲ್ಲಿ ಅದು ಕಳೆದುಹೋಗಿರುವುದುಂಟು. ಎಷ್ಟು ಫೋಕಸ್ ಮಾಡಿದರೂ ಚಿತ್ರ ಮಂಕಾಗಿರುವುದು ಅದರ ಲಕ್ಷಣ.

ಶಟರಿಗೆ ಮೊಬೈಲ್ ಸಾಕು. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ನಿನಲ್ಲಿ ಬೆಳಕಿನೆದುರು ಶಟರ್ ಚಿತ್ರೀಕರಿಸಿ ತೆರೆದಿರುವ ಫ್ರೇಮ್ ಎಣಿಸಿ: 1/8ಕ್ಕೆ 30, 1/30ಕ್ಕೆ 8. ಇದಕ್ಕಿಂತ ವೇಗದ್ದಕ್ಕೆ ಈ ಎಣಿಕೆ ನಂಬಿಕೆಗೆ ಸಾಲದು. ಒಂದು ಸೆಕೆಂಡಿಗೆ ಇಟ್ಟಾಗ ನಡುವೆ ಉಸಿರು ಕಟ್ಟಿ ನಿಂತರೆ ಎಣ್ಣೆ ಜಿಡ್ಡುಗಟ್ಟಿದೆ, ಸರ್ವೀಸ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಫ್ಲ್ಯಾಶ್ ಬಳಸುವವರು ಅದನ್ನು ಶಟರಿಗೆ ಹೊಂದಿಸುವ ಸಿಂಕ್ ಕಡ್ಡಿ ಎಕ್ಸ್ ಅಕ್ಷರದ ಮೇಲಿದೆಯೇ ನೋಡಿ. ಎಂ ಮೇಲಿದ್ದರೆ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಹೊಡೆದು ಮುಗಿದಿರುತ್ತದೆ.

ಹೊರದೇಶದಿಂದ ತರಿಸುವವರು ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ, ವಾಪಸಾತಿಗೆ ಎಷ್ಟು ದಿನ ಎಂದು ಮೊದಲೇ ಕೇಳಿ.

ಹಂತ 9: ಮೊದಲ ಎರಡು ಹಾಳೆ

ಮೊದಲ ಹಾಳೆ ಮುಖಕ್ಕಲ್ಲ, ಸ್ಕೇಲಿಗೆ. ಮೇಜಿನ ಮೇಲೆ ಸ್ಕೇಲನ್ನು ಕ್ಯಾಮೆರಾ ಕಡೆಗೆ ಓರೆಯಾಗಿ ನಿಲ್ಲಿಸಿ, ಲೂಪ್ ಹಿಡಿದು 15ರ ಗೆರೆಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ಫಿಲ್ಮಿನಲ್ಲಿ 15ರ ಬದಲು 17 ಚುರುಕಾಗಿ ಬಂದರೆ ಲೆನ್ಸನ್ನು ಬೈಯಬೇಡಿ. ಮಬ್ಬುಗಾಜು ತಿರುಗುಮುರುಗಾಗಿ ಕೂತಿರಬಹುದು: ಒರಟು ಮೈ ಲೆನ್ಸಿನ ಕಡೆಗಿರಬೇಕು. ಗಾಜಿನ ಮುಂದೆ ಯಾರೋ ಚಿತ್ರ ಬೆಳಗಿಸುವ ಫ್ರೆನೆಲ್ ಹಾಳೆ ಸೇರಿಸಿದ್ದರೂ ಹೀಗೆಯೇ ಆಗುತ್ತದೆ.

ಎರಡನೆಯದು ಮುಖಕ್ಕೆ. ಬೆಲ್ಲೋಸ್ ಹಿಗ್ಗಿದಷ್ಟೂ ಬೆಳಕು ತೆಳುವಾಗುತ್ತದೆ. ಹಿಗ್ಗಿದ ಉದ್ದವನ್ನು ಫೋಕಲ್ ಲೆಂತಿನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 262ನ್ನು 210ರಿಂದ ಭಾಗಿಸಿದರೆ ಒಂದೂಕಾಲು, ಅದರ ವರ್ಗ ಸುಮಾರು 1.56: ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚು ಕೊಡಿ. ಮರೆತರೆ ನೆಗೆಟಿವ್ ತೆಳುವಾಗುತ್ತದೆ, ಅದರ ಗೂಬೆಯೂ ಲೆನ್ಸಿನ ಮೇಲೆಯೇ ಕೂರುತ್ತದೆ.

ದುಡ್ಡು ಉಳಿಸಲು ಎಕ್ಸ್-ರೇ ಫಿಲ್ಮಿನಲ್ಲಿ ಪರೀಕ್ಷೆ ಮಾಡುವವರಿದ್ದಾರೆ, ನಾನೂ ಮಾಡುತ್ತೇನೆ. ಸ್ಕೇಲಿನ ಪರೀಕ್ಷೆಗೆ ಅದು ಧಾರಾಳ. ಮುಖಕ್ಕೆ ಬೇಡ: ಹಸಿರು ಸಂವೇದಿ ಎಕ್ಸ್-ರೇ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ನಮ್ಮ ಕಂದು ಮೈಬಣ್ಣ ಇನ್ನೂ ಕಪ್ಪಾಗಿ, ತುಟಿ ಮಸಿ ಬಳಿದಂತೆ, ಮೊಡವೆಯ ಕಲೆಗಳೆಲ್ಲ ಎದ್ದು ಬರುತ್ತವೆ. ಅದನ್ನು ನೋಡಿ ಲೆನ್ಸ್ ಕ್ರೂರವಾಗಿದೆ ಎಂದು ಹಿಂದಿರುಗಿಸಿದವರೊಬ್ಬರು ನನಗೆ ಗೊತ್ತು. ಅದೇ ಲೆನ್ಸನ್ನು ನಾನು ಕೊಂಡು ಎಚ್‌ಪಿ5 ಎಂಬ ಮಾಮೂಲಿ ಕಪ್ಪುಬಿಳುಪು ಫಿಲ್ಮ್ ಹಾಕಿ ಅವರದ್ದೇ ಚಿತ್ರ ತೆಗೆದುಕೊಟ್ಟೆ. ಈಗ ಅವರು ಲೆನ್ಸ್ ವಾಪಸ್ ಕೇಳುತ್ತಿದ್ದಾರೆ.